ಮಾದರಿ ರೈಲು ಮೇಳಗಳಲ್ಲಿ ವ್ಯಾಪಾರ ಮತ್ತು ಚೌಕಾಸಿ

ಆಟಿಕೆ ರೈಲುಗಳನ್ನೂ, ನಿಜವಾದ ರೈಲನ್ನು ನಿಗದಿತ ಪ್ರಮಾಣಕ್ಕೆ ಕುಗ್ಗಿಸಿ ಮಾಡಿದ ಮಾದರಿಗಳನ್ನೂ ಸಂಗ್ರಹಿಸುವವರು, ಓಡಿಸುವವರು, ಮಾರುವವರು ಒಂದೆರಡು ದಿನ ಒಂದೆಡೆ ಸೇರುವ ಸಂತೆಗೆ ಮಾದರಿ ರೈಲು ಮೇಳ ಎಂದು ಹೆಸರು. ಅಮೆರಿಕ, ಬ್ರಿಟನ್, ಜರ್ಮನಿ ದೇಶಗಳಲ್ಲಿ ಇಂಥ ಮೇಳಗಳಿಗೆ ಚಳಿಗಾಲದ ವಾರಾಂತ್ಯಗಳೇ ಸುಗ್ಗಿ. ಚರ್ಚಿನ ಸಭಾಂಗಣದಲ್ಲೋ ಶಾಲೆಯ ಹಾಲ್‌ನಲ್ಲೋ ಕೆಲವೇ ಮೇಜುಗಳನ್ನು ಹಾಕಿ ನಡೆಸುವ ಪುಟ್ಟ ಮೇಳಗಳಿವೆ. ಜಾತ್ರೆ ಮೈದಾನದ ನಾಲ್ಕಾರು ಕಟ್ಟಡಗಳನ್ನು ತುಂಬುವ ಭಾರಿ ಮೇಳಗಳೂ ಇವೆ. ಮಕ್ಕಳನ್ನು ಸೆಳೆಯುವುದು ಸುತ್ತುತ್ತಿರುವ ರೈಲು. ಮೇಳದ ಖರ್ಚನ್ನು ಹೊರುವುದು ಮಾತ್ರ ಪ್ರವೇಶದ ಟಿಕೆಟ್ಟು ಮತ್ತು ಮೇಜುಗಳ ಬಾಡಿಗೆ. ಅಂದರೆ ಬಹುಮಟ್ಟಿಗೆ ವ್ಯಾಪಾರ.

ಈ ವ್ಯಾಪಾರದಲ್ಲಿ ಹೊಸ ಸರಕಿಗಿಂತ ಹಳೆಯ ಸರಕಿನದೇ ಮೇಲುಗೈ. ಕಾರ್ಖಾನೆಯಿಂದ ಬಂದ ಹೊಸ ಎಂಜಿನ್ನಿನ ಬೆಲೆ ಎಲ್ಲರಿಗೂ ಗೊತ್ತು, ಅದರಲ್ಲಿ ಮಾತಿಗೆ ಹೆಚ್ಚು ಎಡೆಯಿಲ್ಲ. ಎಪ್ಪತ್ತು ವರ್ಷ ಯಾರದೋ ಅಟ್ಟದ ಮೇಲೆ ಕುಳಿತಿದ್ದ ಎಂಜಿನ್ನಿನ ಕತೆ ಬೇರೆ. ಅದರ ಬಣ್ಣ ಮೂಲದ್ದೇ, ಚಕ್ರ ಬದಲಾಗಿದೆಯೇ, ಜೊತೆಗಿರುವ ರಟ್ಟಿನ ಡಬ್ಬ ಅದರದ್ದೇ ಅಥವಾ ಬೇರೆಯದರದ್ದೇ ಎಂಬುದು ಗೊತ್ತಾಗುವವರೆಗೆ ಬೆಲೆಯೂ ಗೊತ್ತಾಗುವುದಿಲ್ಲ. ಆದ್ದರಿಂದ ಈ ಮೇಳಗಳ ಚೌಕಾಸಿ ಮೇಲ್ನೋಟಕ್ಕೆ ಐದು ಡಾಲರ್, ಹತ್ತು ಡಾಲರ್‌ಗಳ ಎಳೆದಾಟದಂತೆ ಕಂಡರೂ ಅದರ ಒಳಗಿರುವುದು ಸರಕು ನಿಜಕ್ಕೂ ಏನು ಎಂಬ ವಾದ. ಇಬ್ಬರಲ್ಲಿ ಹೆಚ್ಚು ಬಲ್ಲವನು ಯಾರೋ ಲಾಭ ಅವನ ಕಡೆಗೆ.

ಹಿನ್ನೆಲೆ

ಹಳೆಯ ರೈಲಿಗೆ ಪೇಟೆ ಹುಟ್ಟಬೇಕಾದರೆ ಮೊದಲು ಅಳತೆಯ ಒಪ್ಪಂದ ಬೇಕು. ಜರ್ಮನಿಯ ಗೋಪಿಂಗೆನ್ ಊರಿನ ಮಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಹಳಿಗಳ ಅಗಲವನ್ನು ಅಂಕಿಗಳಿಂದ ಗುರುತಿಸುವ ಪದ್ಧತಿಯನ್ನು ಮುಂದಿಟ್ಟಿತು. ಇಂದು ಕೊಂಡ ಎಂಜಿನ್ ನಾಳೆ ಕೊಳ್ಳುವ ಹಳಿಯ ಮೇಲೂ ಓಡುತ್ತದೆ ಎಂಬ ಭರವಸೆ ಅಲ್ಲಿಂದ ಬೆಳೆಯಿತು. ಒಬ್ಬನ ಮನೆಯ ರೈಲಿಗೆ ಇನ್ನೊಬ್ಬನ ಮನೆಯಲ್ಲಿ ಬೆಲೆ ಬರುವುದು ಈ ಭರವಸೆಯಿಂದಲೇ.

ಅಮೆರಿಕದ ಮೇಳಗಳ ಮಾತೆತ್ತಿದರೆ ಲಯನೆಲ್ ಹೆಸರನ್ನು ಬಿಡುವಂತಿಲ್ಲ. 1900ರಲ್ಲಿ ನ್ಯೂಯಾರ್ಕಿನಲ್ಲಿ ಜೋಶುವಾ ಲಯನೆಲ್ ಕೋವೆನ್ ಪ್ರಾರಂಭಿಸಿದ ಈ ಕಂಪನಿಯ ಮೊದಲ ರೈಲು ಆಟಿಕೆಯೆಂದು ಮಾಡಿದ್ದೇ ಅಲ್ಲ. ಅಂಗಡಿಯ ಗಾಜಿನ ಕಿಟಕಿಯೊಳಗೆ ಸರಕು ಹೊತ್ತು ಸುತ್ತುತ್ತ ದಾರಿಹೋಕರನ್ನು ನಿಲ್ಲಿಸಲೆಂದು ಮೋಟಾರು ಹಚ್ಚಿದ ತೆರೆದ ಬೋಗಿ ಅದು. ಗಿರಾಕಿಗಳು ಸರಕು ಬಿಟ್ಟು ಬೋಗಿಯನ್ನೇ ಕೇಳತೊಡಗಿದರು ಎಂಬುದು ಕಂಪನಿಯ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಕತೆ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷ ಲಯನೆಲ್‌ಗೆ ಏರುಕಾಲ. ಕ್ರಿಸ್‌ಮಸ್ ಬಂತೆಂದರೆ ಮರದ ಕೆಳಗೆ ಲಯನೆಲ್ ರೈಲು ಸುತ್ತಬೇಕು ಎಂಬ ರೂಢಿ ಲಕ್ಷಾಂತರ ಮನೆಗಳಲ್ಲಿ ನೆಲೆಯೂರಿತು. ಐವತ್ತರ ದಶಕದ ಕೊನೆಗೆ ಟಿವಿ, ಹೆದ್ದಾರಿ, ವಿಮಾನ ಎಲ್ಲ ಸೇರಿ ಮಕ್ಕಳ ಮನಸ್ಸಿನಿಂದ ರೈಲನ್ನು ಹೊರದಬ್ಬಿದವು. 1959ರಲ್ಲಿ ಕೋವೆನ್ ತಮ್ಮ ಪಾಲನ್ನು ಮಾರಿದರು. 1969ರಲ್ಲಿ ಲಯನೆಲ್ ಹೆಸರಿನಲ್ಲಿ ರೈಲು ಮಾಡುವ ಹಕ್ಕು ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿಯ ಕೈಸೇರಿತು. ಇಂದಿಗೂ ಮೇಳದ ಮೇಜುಗಳ ಮೇಲೆ ಸರಕನ್ನು ವಿಂಗಡಿಸುವುದು ಈ ತಿರುವುಗಳ ಆಧಾರದಲ್ಲಿಯೇ: 1942ರವರೆಗಿನದು ಯುದ್ಧಪೂರ್ವದ್ದು, 1945ರಿಂದ 1969ರವರೆಗಿನದು ಯುದ್ಧೋತ್ತರದ್ದು, ಅದರಾಚೆಯದು ಹೊಸಕಾಲದ್ದು.

ವಿಚಿತ್ರವೆಂದರೆ ಸಂಗ್ರಾಹಕರ ಸಂಘ ಹುಟ್ಟಿದ್ದು ಈ ಇಳಿತಕ್ಕೆ ಮೊದಲೇ, ಮಾರಾಟ ಜೋರಾಗಿದ್ದ ಹೊತ್ತಿನಲ್ಲಿ. 1954ರಲ್ಲಿ ಪೆನ್ಸಿಲ್ವೇನಿಯಾದ ಯಾರ್ಡ್ಲೆಯಲ್ಲಿ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ (ಮುಂದೆ ಟಿಸಿಎ) ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಮತ್ತು ಆಟಿಕೆ ರೈಲು ವಸ್ತುಸಂಗ್ರಹಾಲಯ ಈಗ ಅದೇ ರಾಜ್ಯದ ಸ್ಟ್ರಾಸ್‌ಬರ್ಗ್‌ನಲ್ಲಿವೆ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಾಯ್ ಟ್ರೇನ್ ಆಪರೇಟಿಂಗ್ ಸೊಸೈಟಿ, 1970ರಲ್ಲಿ ಲಯನೆಲ್ ಕಲೆಕ್ಟರ್ಸ್ ಕ್ಲಬ್ ಬಂದವು. ಇವೆಲ್ಲ ಆಟಿಕೆಯನ್ನು ಆಟಿಕೆಯಾಗಿಯೇ ಪ್ರೀತಿಸುವವರ ಸಂಘಗಳು. ನಿಜವಾದ ರೈಲಿನ ಅಳತೆಗೆ ನಿಷ್ಠರಾದವರಿಗೆ 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಬೇರೆಯೇ ಇದೆ. ಎರಡೂ ಬಳಗದವರು ಒಂದೇ ಸಂತೆಗೆ ಬಂದರೂ ಹುಡುಕುವುದು ಒಂದೇ ಸರಕನ್ನಲ್ಲ. ಬಣ್ಣ ಕೆರೆದುಹೋದ ಬೋಗಿಯನ್ನು ಮೊದಲಿನವನು ಮುಟ್ಟುವುದಿಲ್ಲ. ಎರಡನೆಯವನು ಅದನ್ನೇ ಅಗ್ಗಕ್ಕೆ ಕೊಂಡು ಮನೆಯಲ್ಲಿ ಹೊಸ ಬಣ್ಣ ಹೊಡೆದು, ಅದರ ಮೇಲೆ ತುಕ್ಕಿನ ಗುರುತನ್ನೂ ತಾನೇ ಬಿಡಿಸುತ್ತಾನೆ. ಒಂದೇ ಮೇಜಿನ ಮೇಲೆ ಒಂದೇ ವಸ್ತುವಿಗೆ ಎರಡು ಬೆಲೆ ಇರಲು ಇದೊಂದು ಕಾರಣ.

ಯಾರ್ಕ್ ಮತ್ತು ಇತರ ಮೇಳಗಳು

ಆಟಿಕೆ ರೈಲಿನ ಲೋಕದಲ್ಲಿ ಯಾರ್ಕ್ ಎಂದರೆ ಸಾಕು, ಯಾವುದೆಂದು ಕೇಳಬೇಕಿಲ್ಲ. ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣದ ಜಾತ್ರೆ ಮೈದಾನದಲ್ಲಿ ಟಿಸಿಎಯ ಪೂರ್ವ ವಿಭಾಗ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಈ ಮೇಳ ನಡೆಸುತ್ತದೆ. ಇಲ್ಲಿನ ಕಟ್ಟಡಗಳನ್ನು ಬಣ್ಣಗಳ ಹೆಸರಿನಿಂದಲೇ ಕರೆಯುವುದು ರೂಢಿ. ಆರೆಂಜ್ ಹಾಲ್‌ನಲ್ಲಿ ತಯಾರಕರೂ ದೊಡ್ಡ ಅಂಗಡಿಕಾರರೂ ಇರುತ್ತಾರೆ. ಉಳಿದ ಹಾಲ್‌ಗಳಲ್ಲಿ ಹೆಚ್ಚಾಗಿ ಸದಸ್ಯರೇ ಮೇಜು ಹಿಡಿದು ತಮ್ಮ ಸಂಗ್ರಹದ ಹೆಚ್ಚುವರಿಯನ್ನು ಮಾರುತ್ತಾರೆ. ಬಹುಕಾಲ ಇದು ಸದಸ್ಯರಿಗೆ ಮಾತ್ರ ಮೀಸಲಾದ ಸಂತೆಯಾಗಿತ್ತು. ಸದಸ್ಯತ್ವ ಇಳಿಯುತ್ತ ಬಂದಂತೆ ಸಾರ್ವಜನಿಕರಿಗೂ ಬಾಗಿಲು ತೆರೆಯಬೇಕಾಯಿತು. 2020ರ ಎರಡೂ ಮೇಳಗಳು ಕೋವಿಡ್‌ನಿಂದಾಗಿ ನಡೆಯಲಿಲ್ಲ.

ಯಾರ್ಕ್‌ನ ಅಸಲಿ ವ್ಯಾಪಾರ ಮೇಳಕ್ಕಿಂತ ಮೊದಲೇ ಶುರುವಾಗುತ್ತದೆ. ಮೈದಾನದ ಬಾಗಿಲು ತೆರೆಯುವ ಮೊದಲಿನ ದಿನಗಳಲ್ಲಿ ಸುತ್ತಲಿನ ಹೋಟೆಲುಗಳ ಪಾರ್ಕಿಂಗ್ ಜಾಗದಲ್ಲಿ, ಕಾರಿನ ಡಿಕ್ಕಿ ತೆರೆದಿಟ್ಟು, ಮಡಚುವ ಮೇಜು ಹಾಕಿ ನಡೆಯುವ ಈ ಹೊರಸಂತೆಗಳನ್ನು ಹವ್ಯಾಸಿಗಳು ನಗುನಗುತ್ತ ‘ಬ್ಯಾಂಡಿಟ್ ಮೀಟ್’ ಎನ್ನುತ್ತಾರೆ. ಹೆಸರಿನಲ್ಲಿ ದರೋಡೆಕೋರರಿದ್ದರೂ ಬರುವವರೆಲ್ಲ ಸಭ್ಯ ನಿವೃತ್ತರೇ. ಒಳಗೂ ಇದೇ ಮಾತು ಅನ್ವಯ: ಮೇಜು ಹಿಡಿದವರು ಸರಕು ಹರಡುವ ಹೊತ್ತಿನಲ್ಲೇ ಅಕ್ಕಪಕ್ಕದವರ ಪೆಟ್ಟಿಗೆಗಳಿಗೆ ಇಣುಕುತ್ತಾರೆ, ಒಬ್ಬರಿಂದೊಬ್ಬರು ಕೊಳ್ಳುತ್ತಾರೆ. ಸಾರ್ವಜನಿಕರು ಒಳಬರುವ ಹೊತ್ತಿಗೆ ಒಳ್ಳೆಯ ವಸ್ತುಗಳಲ್ಲಿ ಕೆಲವು ಒಂದೆರಡು ಮೇಜು ದಾಟಿ, ದಾಟಿದಷ್ಟೂ ಬೆಲೆ ಏರಿಸಿಕೊಂಡಿರುತ್ತವೆ. ಹವ್ಯಾಸಿಯೊಬ್ಬ ತಾನು ಮಾರಲು ಏನೂ ಇಲ್ಲದಿದ್ದರೂ ಒಂದು ಮೇಜು ಬಾಡಿಗೆಗೆ ಹಿಡಿಯುವುದುಂಟು. ಬಾಡಿಗೆ ಕೊಟ್ಟು ಅವನು ಕೊಳ್ಳುವುದು ಆ ಮೊದಲ ಎರಡು ತಾಸುಗಳನ್ನು. ಕೆಲವು ಮೇಳಗಳು ಇದನ್ನೇ ವ್ಯಾಪಾರ ಮಾಡಿಕೊಂಡು, ಹೆಚ್ಚು ದುಡ್ಡು ಕೊಟ್ಟವರನ್ನು ಮೊದಲೇ ಒಳಬಿಡುವ ಟಿಕೆಟ್ಟು ಮಾರುತ್ತವೆ.

ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಮ್‌ಹರ್ಸ್ಟ್ ರೈಲ್ವೇ ಸೊಸೈಟಿ ಜನವರಿಯ ಕೊನೆಗೆ ನಡೆಸುವ ಮೇಳದ ಸ್ವಭಾವ ಬೇರೆ. ಅಲ್ಲಿ ಆಟಿಕೆ, ಮಾದರಿ, ಹಳೆಯ ರೈಲ್ವೆ ಲಾಟೀನು, ಟೈಂಟೇಬಲ್, ಪುಸ್ತಕ ಎಲ್ಲ ಬೆರೆತಿರುತ್ತವೆ. ಮೇಳದ ಆದಾಯದಲ್ಲಿ ಒಂದು ಪಾಲು ಹಳೆಯ ರೈಲುಗಳ ಸಂರಕ್ಷಣೆಗೆ ಹೋಗುತ್ತದೆ. ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ತನ್ನ ವಾರ್ಷಿಕ ಸಮ್ಮೇಳನದ ಜೊತೆಗೆ ನಡೆಸುವ ನ್ಯಾಷನಲ್ ಟ್ರೇನ್ ಶೋ ಹೊಸ ಸರಕಿನ ಪ್ರದರ್ಶನಕ್ಕೆ ಒತ್ತು ಕೊಡುತ್ತದೆ. ಚೌಕಾಸಿಯ ರುಚಿ ಬೇಕಾದವರು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ.

ದರ್ಜೆ, ಡಬ್ಬ, ನಕಲು

ಬಲ್ಲವನಿಗೂ ಅರಿಯದವನಿಗೂ ನಡುವಿನ ಅಂತರವನ್ನು ತಗ್ಗಿಸಲು ಟಿಸಿಎ ಒಂದು ದರ್ಜೆಯ ಪಟ್ಟಿ ಮಾಡಿದೆ. ಸಿ-1 ಎಂದರೆ ಗುಜರಿ, ಸಿ-5 ಎಂದರೆ ಚೆನ್ನಾಗಿದೆ, ಸಿ-7 ಅತ್ಯುತ್ತಮ, ಸಿ-8 ಹೊಸದರಂತಿದೆ, ಸಿ-10 ಕಾರ್ಖಾನೆಯಿಂದ ಬಂದಂತೆಯೇ ಇದೆ, ಒಮ್ಮೆಯೂ ಓಡಿಲ್ಲ. ಡಬ್ಬಗಳಿಗೂ ಇದೇ ರೀತಿಯ ಪ್ರತ್ಯೇಕ ದರ್ಜೆಗಳಿವೆ. ಪಟ್ಟಿ ಕಾಗದದ ಮೇಲೆ ಸ್ಪಷ್ಟವಾಗಿದೆ. ಆದರೆ ಮಾರುವವನ ಕಣ್ಣಿಗೆ ಸಿ-8 ಆಗಿ ಕಂಡದ್ದು ಕೊಳ್ಳುವವನ ಕಣ್ಣಿಗೆ ಸಿ-6 ಆಗಿ ಕಾಣುತ್ತದೆ. ಚೌಕಾಸಿಯ ಅರ್ಧ ಭಾಗ ಈ ಎರಡು ಅಂಕಿಗಳ ನಡುವೆಯೇ ನಡೆಯುತ್ತದೆ. ಬೆಲೆ ದರ್ಜೆಯೊಂದಿಗೆ ಸಮನಾಗಿ ಏರುವುದಿಲ್ಲ ಎಂಬುದು ಇದಕ್ಕೆ ಕಾರಣ. ಕೆಳಗಿನ ಮೆಟ್ಟಿಲುಗಳಲ್ಲಿ ವ್ಯತ್ಯಾಸ ಚಿಲ್ಲರೆಯದು. ಮೇಲಿನ ಎರಡು ಮೂರು ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಬೆಲೆ ಜಿಗಿಯುತ್ತದೆ. ಗೆರೆ ಬಿದ್ದಿದೆಯೋ ಇಲ್ಲವೋ ಎಂದು ಟಾರ್ಚ್ ಬಿಟ್ಟು ನೋಡುವುದು ಅಲ್ಲಿ ಜಿಪುಣತನವಲ್ಲ.

1970ರ ದಶಕದಿಂದ ಬರತೊಡಗಿದ ಗ್ರೀನ್‌ಬರ್ಗ್ ಬೆಲೆ ಕೈಪಿಡಿಗಳು ಸ್ಥಿತಿಗೂ ಬೆಲೆಗೂ ಗಂಟು ಹಾಕಿದವು. ಕಿಸೆಗೆ ಹಿಡಿಯುವ ಈ ಪುಸ್ತಕಗಳನ್ನು ಹಿಡಿದು ಮೇಜಿನಿಂದ ಮೇಜಿಗೆ ನಡೆಯುವುದು ಒಂದು ಕಾಲದಲ್ಲಿ ಮೇಳಗಳ ಸಾಮಾನ್ಯ ನೋಟ. ಕೈಪಿಡಿಯ ಅಂಕಿಯನ್ನು ಮಾರುವವನು ನೆಲವೆಂದೂ ಕೊಳ್ಳುವವನು ಚಾವಣಿಯೆಂದೂ ತಿಳಿಯುವುದರಿಂದ ಅದು ಜಗಳ ಬಗೆಹರಿಸಿದ್ದಕ್ಕಿಂತ ಹುಟ್ಟುಹಾಕಿದ್ದೇ ಹೆಚ್ಚೆನ್ನಬಹುದು.

ಡಬ್ಬದ ವಿಷಯ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಯುದ್ಧೋತ್ತರ ಲಯನೆಲ್‌ನ ಕಿತ್ತಳೆ-ನೀಲಿ ರಟ್ಟಿನ ಡಬ್ಬಗಳನ್ನು ಮಕ್ಕಳು ಕ್ರಿಸ್‌ಮಸ್ ಬೆಳಗ್ಗೆಯೇ ಹರಿದೆಸೆದರು. ಆದ್ದರಿಂದ ಲೋಹದ ಎಂಜಿನ್ ಉಳಿದಷ್ಟು ರಟ್ಟು ಉಳಿದಿಲ್ಲ, ಸಾಮಾನ್ಯ ಬೋಗಿಯೊಂದರ ಖಾಲಿ ಡಬ್ಬಕ್ಕೆ ಕೆಲವೊಮ್ಮೆ ಬೋಗಿಯಷ್ಟೇ ಬೆಲೆ. ಎರಡೂ ತುದಿಯ ಮಡಿಕೆಗಳು ಪೂರ್ತಿ ಇರಬೇಕು, ಅದರ ಮೇಲಿನ ನಂಬರು ಒಳಗಿನ ಬೋಗಿಯ ನಂಬರಿಗೆ ಹೊಂದಬೇಕು. ಹೊಸದಾಗಿ ಮುದ್ರಿಸಿದ ಡಬ್ಬಗಳೂ ಮೇಳದಲ್ಲೇ ಸಿಗುತ್ತವೆ; ಅವು ಹೊಸವೆಂದು ಹೇಳಿ ಮಾರಿದರೆ ತಕರಾರಿಲ್ಲ.

ತಕರಾರು ಹುಟ್ಟುವುದು ಹೇಳದೆ ಮಾರಿದಾಗ. ಪ್ರಸಿದ್ಧ ಉದಾಹರಣೆ 1957ರ ಗುಲಾಬಿ ಎಂಜಿನ್ನಿನ ರೈಲು. ಹುಡುಗಿಯರಿಗೆಂದು ತಿಳಿ ಬಣ್ಣದ ಬೋಗಿಗಳನ್ನು ಜೋಡಿಸಿ ಲಯನೆಲ್ ಹೊರತಂದ ಈ ಸೆಟ್ಟನ್ನು ಆಗ ಕೊಂಡವರು ಕಡಿಮೆ. ಕೊಂಡವರು ಕಡಿಮೆ ಇದ್ದುದರಿಂದಲೇ ಇಂದು ಅದಕ್ಕೆ ಭಾರಿ ಬೆಲೆ. ಭಾರಿ ಬೆಲೆ ಇರುವುದರಿಂದ, ಅದೇ ಅಚ್ಚಿನ ಸಾಧಾರಣ ಕಪ್ಪು ಎಂಜಿನ್ನಿಗೆ ಗುಲಾಬಿ ಬಣ್ಣ ಹೊಡೆದು ಮೂಲದ್ದೆಂದು ಸಾಗಹಾಕುವವರೂ ಹುಟ್ಟಿದರು. 1953ರಿಂದ ಬಂದ 6464 ಸರಣಿಯ ಮುಚ್ಚು ಬೋಗಿಗಳದೂ ಇದೇ ಪಾಡು. ಅವುಗಳ ಮೊದಲನೆಯದು ಬೆಳ್ಳಿ ಬಣ್ಣದ ಮೈಮೇಲೆ ನೀಲಿ ಅಕ್ಷರ ಹೊತ್ತ ವೆಸ್ಟರ್ನ್ ಪೆಸಿಫಿಕ್ ಬೋಗಿ. ಅದು ಎಲ್ಲೆಡೆ ಸಿಗುತ್ತದೆ. ಕೆಂಪು ಅಕ್ಷರದ್ದು ಅಪರೂಪ. ನೀಲಿಯನ್ನು ಕೆಂಪಾಗಿಸುವ ಕೈಚಳಕಕ್ಕೆ ಎಷ್ಟು ದುಡ್ಡು ಬರುತ್ತದೆಂದು ಲೆಕ್ಕ ಹಾಕಿದವರು ಇರಲೇಬೇಕಲ್ಲ. ದುರಸ್ತಿ ಮಾಡಿದ್ದನ್ನು, ಬಣ್ಣ ಹೊಡೆದದ್ದನ್ನು, ಹೊಸ ಬಿಡಿಭಾಗ ಹಾಕಿದ್ದನ್ನು ಮಾರುವವನು ಬಾಯಿಬಿಟ್ಟು ಹೇಳಬೇಕು ಎಂಬ ಸಂಗ್ರಾಹಕ ಸಂಘಗಳ ನಿಯಮದ ಹಿಂದೆ ಇಂಥ ಕತೆಗಳ ಸಾಲೇ ಇದೆ.

ಕೈಯಲ್ಲಿ ಹಿಡಿದು ನೋಡುವುದು

ನಮ್ಮ ದನದ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿದ ಮೇಲೆಯೇ ಟವೆಲ್ಲಿನ ಅಡಿ ಬೆರಳು ಹಿಡಿಯುವಂತೆ ಇಲ್ಲಿಯೂ ಬೆಲೆಯ ಮಾತಿಗೆ ಮೊದಲು ಎಂಜಿನ್ ತಲೆಕೆಳಗಾಗಬೇಕು. ತಳ ನೋಡಿದರೆ ಎಷ್ಟು ಓಡಿದೆ ಎಂಬುದು ಗೊತ್ತಾಗುತ್ತದೆ: ಚಕ್ರದ ಅಂಚು ಸವೆದಿದೆಯೇ, ಮೂರು ಹಳಿಯ ರೈಲಾದರೆ ಮಧ್ಯದ ಹಳಿಯಿಂದ ವಿದ್ಯುತ್ ಎತ್ತುವ ಉರುಳೆಗಳಲ್ಲಿ ಗೀರು ಬಿದ್ದಿದೆಯೇ, ಸ್ಕ್ರೂಗಳ ತಲೆ ಯಾರೋ ಬಿಚ್ಚಿ ಕೆಡಿಸಿದಂತಿದೆಯೇ. ಕಿಟಕಿಯ ಮೇಲೆ ಅಂಟಿನ ಬೆರಳಚ್ಚು ಇದ್ದರೆ ಒಳಗೂ ಯಾರದೋ ಕೈ ಆಡಿದೆ. ಮೋಟಾರಿನ ಹತ್ತಿರ ಮೂಗು ಹಿಡಿದರೆ ಸುಟ್ಟ ತಂತಿಯ ವಾಸನೆ ತಿಳಿಯುತ್ತದೆ.

ಹಳೆಯ ಎರಕದ ಭಾಗಗಳಿಗೆ ಇನ್ನೊಂದು ರೋಗವಿದೆ. ಸತುವಿನ ಮಿಶ್ರಲೋಹಕ್ಕೆ ಸೀಸದಂಥ ಕಲ್ಮಶ ಬೆರೆತರೆ ದಶಕಗಳ ಅವಧಿಯಲ್ಲಿ ಲೋಹ ಒಳಗಿನಿಂದಲೇ ಕೊಳೆತು, ಉಬ್ಬಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ಯುದ್ಧಪೂರ್ವದ ಅಮೆರಿಕನ್, ಬ್ರಿಟಿಷ್ ರೈಲುಗಳೆರಡರಲ್ಲೂ ಇದು ಸಾಮಾನ್ಯ. ಈಚಿನ ಕೆಲವು ಮಾದರಿಗಳಲ್ಲೂ ಕಾಣಿಸಿಕೊಂಡಿದೆ. ಇದಕ್ಕೆ ಮದ್ದಿಲ್ಲ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಚೌಕಟ್ಟು ಸ್ವಲ್ಪ ಸೊಟ್ಟಗಾಗಿದ್ದರೆ ಅನುಭವಿ ಅದನ್ನು ಮೆಲ್ಲಗೆ ಕೆಳಗಿಟ್ಟು ಮುಂದೆ ಹೋಗುತ್ತಾನೆ.

ಎಚ್‌ಒ ಅಳತೆಯ, ಅಂದರೆ 1:87 ಪ್ರಮಾಣದ, ನೇರ ವಿದ್ಯುತ್ತಿನಲ್ಲಿ ಓಡುವ ಎಂಜಿನ್ನುಗಳಿಗೆ ಪರೀಕ್ಷೆ ಸುಲಭ. ಕಿಸೆಯಲ್ಲಿರುವ 9 ವೋಲ್ಟಿನ ಚೌಕ ಬ್ಯಾಟರಿಯನ್ನು ಚಕ್ರಗಳಿಗೆ ತಾಗಿಸಿದರೆ ಮೋಟಾರು ತಿರುಗುತ್ತದೋ ಇಲ್ಲವೋ ಅಲ್ಲೇ ಗೊತ್ತು. ಮೋಟಾರು ತಿರುಗಿಯೂ ಚಕ್ರ ಕುಂಟಿದರೆ ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರು ಸೀಳಿದೆ. ಪ್ರೋಟೊ 2000 ಸರಣಿಯ ಎಂಜಿನ್ನುಗಳು ಇದಕ್ಕೆ ಕುಖ್ಯಾತ. ಗೇರು ಅಗ್ಗದ್ದು, ಬದಲಿಸುವುದು ಅರ್ಧ ಗಂಟೆಯ ಕೆಲಸ. ಹಾಗಾಗಿ ಈ ದೋಷವನ್ನು ಬಲ್ಲವನಿಗೆ ಅದು ದೋಷವಲ್ಲ, ಬೆಲೆ ಇಳಿಸುವ ಕೀಲಿ. ದೊಡ್ಡ ಮೇಳಗಳಲ್ಲಿ ಪರೀಕ್ಷಾ ಹಳಿ ಹಾಕಿರುತ್ತಾರೆ. ಅಲ್ಲಿಗೆ ಒಯ್ಯಲು ಬಿಡದ ವ್ಯಾಪಾರಿ, ‘ಎತ್ತಿಡುವಾಗ ಓಡುತ್ತಿತ್ತು’ ಎಂದರೆ ಆ ಮಾತಿಗೆ ಹವ್ಯಾಸಿಗಳು ಕೊಡುವ ಬೆಲೆ ಸೊನ್ನೆ.

ಹೊಸಬರು ಎಡವುವುದು ಹೆಚ್ಚಾಗಿ ಹೊಂದಿಕೆಯ ವಿಷಯದಲ್ಲಿ. ಬ್ರಿಟನ್ನಿನ ಓಓ ಮಾದರಿಗಳು 1:76 ಪ್ರಮಾಣದವು; ಆದರೂ ಎಚ್‌ಒದಂತೆ 16.5 ಮಿ.ಮೀ. ಹಳಿಯ ಮೇಲೆಯೇ ಓಡುತ್ತವೆ. ಹಳಿ ಹೊಂದಿತೆಂದು ಎರಡನ್ನೂ ಕೊಂಡವನ ಮನೆಯಲ್ಲಿ ಎಂಜಿನ್ ಆನೆಯಂತೆ, ಬೋಗಿ ಮರಿಯಂತೆ ಕಾಣುತ್ತದೆ. ಮಾರ್ಕ್ಲಿನ್‌ನ ಎಚ್‌ಒ ಮೂರು ಹಳಿಯ ಪರ್ಯಾಯ ವಿದ್ಯುತ್ ಪದ್ಧತಿಯದು; ಅದನ್ನು ಸಾಮಾನ್ಯ ಎರಡು ಹಳಿಯ ಮೇಲಿಟ್ಟರೆ ಶಾರ್ಟ್ ಸರ್ಕಿಟ್ ಖಂಡಿತ.

ಚೌಕಾಸಿಯ ರೀತಿ

ದಿನನಿತ್ಯದ ಅಮೆರಿಕದಲ್ಲಿ ಚೌಕಾಸಿಗೆ ಜಾಗ ಕಡಿಮೆ. ಕಾರು, ಮನೆ ಬಿಟ್ಟರೆ ಬಹುತೇಕ ಎಲ್ಲದಕ್ಕೂ ಚೀಟಿಯ ಬೆಲೆಯೇ ಕೊನೆಯ ಮಾತು. ಹಾಗಾಗಿ ಮೇಳಕ್ಕೆ ಬಂದವರಲ್ಲಿ ಹಲವರಿಗೆ ಬೆಲೆ ಕೇಳುವುದೇ ಮುಜುಗರ, ಕೆಲವರಿಗೆ ಅದೇ ಮೋಜು. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1978ರಲ್ಲಿ ಮೊರಾಕ್ಕೋದ ಪೇಟೆಗಳ ಕುರಿತು ಬರೆದ ಪ್ರಬಂಧವೊಂದು ಇಲ್ಲಿ ನೆರವಿಗೆ ಬರುತ್ತದೆ. ಒಂದೇ ಬಗೆಯ ಸರಕಿದ್ದಲ್ಲಿ ಜನ ಹತ್ತು ಅಂಗಡಿ ಸುತ್ತಿ ಬೆಲೆ ಕೇಳುತ್ತಾರೆ. ಒಂದೊಂದು ಸರಕೂ ಬೇರೆ ಬೇರೆಯಾದಲ್ಲಿ ಒಂದೇ ಕಡೆ ನಿಂತು ಒಬ್ಬನನ್ನೇ ಕೆದಕಿ ಕೇಳುತ್ತಾರೆ ಎಂಬುದು ಅವರು ತೋರಿಸಿದ ಭೇದ. ಬಜಾರಿನ ಚೌಕಾಸಿಯನ್ನು ಅವರು ಮಾಹಿತಿಯ ಹುಡುಕಾಟವಾಗಿ ಕಂಡರು. ಸೆಕೆಂಡ್ ಹ್ಯಾಂಡ್ ಸರಕಿನಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಪೇಟೆಯೇ ಹೇಗೆ ಕೆಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳನ್ನು ಮುಂದಿಟ್ಟು ವಿವರಿಸಿದ್ದರು. ರೈಲು ಮೇಳದಲ್ಲಿ ಅದು ತಿರುವುಮುರುವಾಗುವುದೂ ಉಂಟು. ತಂದೆಯ ಪೆಟ್ಟಿಗೆಗಳನ್ನು ತಂದು ಕುಳಿತ ಮಗಳಿಗೆ ತನ್ನ ಮುಂದಿರುವುದು ಏನೆಂದು ಗೊತ್ತಿರುವುದಿಲ್ಲ, ಎದುರು ನಿಂತ ಗಿರಾಕಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೇಳಬೇಕೇ, ಸುಮ್ಮನೆ ಕೊಂಡು ಹೋಗಬೇಕೇ? ಕೈಪಿಡಿಗಳಲ್ಲಿ ಇದಕ್ಕೆ ದರ್ಜೆಯಿಲ್ಲ; ಆದರೆ ಸಣ್ಣ ಬಳಗದಲ್ಲಿ ಸುದ್ದಿ ಬೇಗ ಹರಡುತ್ತದೆ, ಹೆಸರು ಕೆಟ್ಟವನಿಗೆ ಮುಂದಿನ ಮೇಳದಲ್ಲಿ ಯಾರೂ ಮೇಜಿನಡಿಯ ಪೆಟ್ಟಿಗೆ ತೆರೆದು ತೋರಿಸುವುದಿಲ್ಲ.

ಮಾತಿನ ಕ್ರಮ ಸರಳ. ಚೀಟಿಯಲ್ಲಿ ಬೆಲೆ ಇದ್ದರೂ ‘ಕಡೇ ರೇಟು ಎಷ್ಟು?’ ಎಂದು ಕೇಳುವುದು ತಪ್ಪಲ್ಲ. ಚೀಟಿಯ ಮೇಲೆಯೇ ‘ಒಂದೇ ದರ’ ಎಂದು ಬರೆದಿದ್ದರೆ ಮಾತ್ರ ಸುಮ್ಮನಿರಬೇಕು. 120 ಡಾಲರ್ ಬರೆದಿರುವ ಎಂಜಿನ್ನಿಗೆ 100 ಕೇಳಿದರೆ ನಗುತ್ತ 110 ಎನ್ನುತ್ತಾರೆ; 40 ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು, ಆಮೇಲೆ 110ಕ್ಕೂ ಸಿಗಲಿಕ್ಕಿಲ್ಲ. ಸರಕನ್ನು ಹೀಯಾಳಿಸಿ ಬೆಲೆ ಇಳಿಸುವ ತಂತ್ರ ಇಲ್ಲಿ ಹೆಚ್ಚಾಗಿ ತಿರುಗಿ ಬಡಿಯುತ್ತದೆ, ಏಕೆಂದರೆ ಮೇಜಿನ ಹಿಂದಿರುವವನೂ ಹವ್ಯಾಸಿಯೇ, ಮಾರುತ್ತಿರುವುದು ಅವನು ಮೂವತ್ತು ವರ್ಷ ಕಾಪಾಡಿದ ಬೋಗಿ. ದೋಷವನ್ನು ಬೆರಳಿಟ್ಟು ತೋರಿಸಿ, ‘ಇದನ್ನು ಲೆಕ್ಕಕ್ಕೆ ಹಿಡಿದರೆ?’ ಎಂದು ಕೇಳುವುದೇ ಬೇರೆ ಮಾತು.

ಒಂದೊಂದನ್ನೇ ಕೇಳುವುದಕ್ಕಿಂತ ನಾಲ್ಕೈದನ್ನು ಒಟ್ಟುಗೂಡಿಸಿ ‘ಎಲ್ಲ ಸೇರಿ ಎಷ್ಟು?’ ಎನ್ನುವವರಿಗೆ ಹೆಚ್ಚು ರಿಯಾಯಿತಿ ಸಿಗುತ್ತದೆ. ಮಾರುವವನಿಗೆ ಮನೆಗೆ ಹೊತ್ತೊಯ್ಯುವ ಭಾರ ಕಡಿಮೆಯಾದಷ್ಟೂ ಲಾಭ. ಈ ಭಾರವೇ ಭಾನುವಾರ ಮಧ್ಯಾಹ್ನದ ಬೆಲೆಯನ್ನು ತೀರ್ಮಾನಿಸುತ್ತದೆ. ಮೂರು ಗಂಟೆಯ ಹೊತ್ತಿಗೆ ಪೆಟ್ಟಿಗೆ ಕಟ್ಟತೊಡಗಿದವನು ಬೆಳಗ್ಗೆ ಬೇಡವೆಂದ ಬೆಲೆಗೆ ಒಪ್ಪಿಕೊಳ್ಳಬಹುದು. ಆದರೆ ಅಷ್ಟರಲ್ಲಿ ಒಳ್ಳೆಯದು ಉಳಿದಿರುವುದಿಲ್ಲ. ಹಾಗಾಗಿ ಅನುಭವಿಗಳು ಅಪರೂಪದ್ದಕ್ಕೆ ಬೆಳಗ್ಗೆ ಕೇಳಿದಷ್ಟು ಕೊಟ್ಟು, ಹಳಿ, ಟ್ರಾನ್ಸ್‌ಫಾರ್ಮರ್, ಬಿಡಿ ಚಕ್ರಗಳಂಥ ಎಲ್ಲೆಡೆ ಸಿಗುವ ಸರಕಿಗೆ ಸಂಜೆಯವರೆಗೆ ಕಾಯುತ್ತಾರೆ. ಹಳೆಯ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ತಂತಿ ನೋಡದೆ ಇರುವಂತಿಲ್ಲ: ಲಯನೆಲ್‌ನ 275 ವ್ಯಾಟಿನ ಜೆಡ್‌ಡಬ್ಲ್ಯು ಮಾದರಿ ಇಂದಿಗೂ ದುಡಿಯುವ ಯಂತ್ರವಾದರೂ ಅದರ ಮೂಲ ತಂತಿಯ ಹೊದಿಕೆ ಒಣಗಿ ಉದುರಿರುವುದೇ ಹೆಚ್ಚು.

ನಗದಿಗೆ ಇನ್ನೂ ಮರ್ಯಾದೆ ಇದೆ. ಕಾರ್ಡ್ ಉಜ್ಜಿದರೆ ಬ್ಯಾಂಕಿನ ಪಾಲು ಹೋಗುತ್ತದೆ ಎಂಬುದು ಒಂದು ಕಾರಣ, ಎಣಿಸಿಟ್ಟ ನೋಟು ಕಣ್ಣಿಗೆ ಬಿದ್ದರೆ ಮನಸ್ಸು ಸಡಿಲಾಗುತ್ತದೆ ಎಂಬುದು ಇನ್ನೊಂದು. ಬರೆಯದ ಕಟ್ಟಳೆಗಳೂ ಇವೆ. ಒಬ್ಬನ ಕೈಯಲ್ಲಿ ವಸ್ತು ಇರುವವರೆಗೆ ಇನ್ನೊಬ್ಬ ಬೆಲೆ ಕೇಳುವಂತಿಲ್ಲ. ಅವನು ಅದನ್ನು ಮೇಜಿನ ಮೇಲಿಟ್ಟ ಕ್ಷಣ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಯೋಚಿಸುತ್ತಿರುವವನು ವಸ್ತುವನ್ನು ಕೆಳಗಿಡದೆ ನಿಂತಲ್ಲೇ ನಿಂತಿರುವುದು ಇದರಿಂದಲೇ. ತಾನು ಕೇಳಿದ ಬೆಲೆಗೆ ಮಾರುವವನು ಒಪ್ಪಿದ ಮೇಲೆ ಹಿಂದೆಗೆಯುವುದನ್ನು ಯಾರೂ ಮೆಚ್ಚುವುದಿಲ್ಲ.

ಹೊಸ ಸರಕಿನಲ್ಲಿ ಚೌಕಾಸಿಗೆ ಬೇರೆ ಬಗೆಯ ಅವಕಾಶ. ಕೆಲವು ತಯಾರಕರು ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತು ಮಾಡಬಾರದೆಂದು ಅಂಗಡಿಕಾರರಿಗೆ ಕಟ್ಟುಪಾಡು ಹಾಕುತ್ತಾರೆ. ಎದುರಿಗೆ ನಿಂತವನ ಕಿವಿಯಲ್ಲಿ ಹೇಳುವ ಬೆಲೆ ಜಾಹೀರಾತಲ್ಲ.

ಬ್ರಿಟನ್, ಜರ್ಮನಿ

ಬ್ರಿಟನ್ನಿನಲ್ಲಿ ಪ್ರದರ್ಶನವೇ ಮುಂದು, ವ್ಯಾಪಾರ ಅದರ ಬೆನ್ನಿಗೆ. 1910ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಾಡೆಲ್ ರೈಲ್ವೇ ಕ್ಲಬ್‌ನಿಂದ ಬೆಳೆದು ಬಂದ ಸಂಪ್ರದಾಯ ಅದು. ಅಲ್ಲಿನ ಕ್ಲಬ್ ಪ್ರದರ್ಶನಗಳ ವಿಶೇಷವೆಂದರೆ ತಂದುಕೊಟ್ಟು ಮಾರಿಸುವ ಮೇಜು. ಯಾರಾದರೂ ತಮ್ಮ ಹಳೆಯ ಎಂಜಿನ್ನಿಗೆ ಬೆಲೆಚೀಟಿ ಅಂಟಿಸಿ ಕ್ಲಬ್ಬಿನವರ ಕೈಗೆ ಕೊಡಬಹುದು. ಮಾರಾಟವಾದರೆ ಕ್ಲಬ್ ತನ್ನ ಕಮಿಷನ್ ಹಿಡಿದು ಉಳಿದದ್ದನ್ನು ಕೊಡುತ್ತದೆ. ಮಾರುವವನು ಎದುರಿಗಿಲ್ಲ, ಆದ್ದರಿಂದ ಚೌಕಾಸಿಯೂ ಇಲ್ಲ. ಮುಖ ನೋಡಿ ಬೆಲೆ ಕೇಳಲು ಸಂಕೋಚಪಡುವ ಜನರಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಚೌಕಾಸಿ ಬೇಕಾದವರಿಗೆ ಪ್ರತ್ಯೇಕ ಆಟಿಕೆ ಸಂತೆಗಳಿವೆ. ಅಲ್ಲಿ 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ, ಅದರ ಅಚ್ಚುಗಳನ್ನು ಕೊಂಡು ಮುಂದೆ ತಯಾರಿಸಿದ ರೆನ್ ಕಂಪನಿಯ ಎಂಜಿನ್ನುಗಳು ಮುಖ್ಯ ಸರಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ವಾರ್ಲಿ ಕ್ಲಬ್ ನಡೆಸುತ್ತಿದ್ದ ರಾಷ್ಟ್ರೀಯ ಪ್ರದರ್ಶನ 2023ಕ್ಕೆ ಕೊನೆಗೊಂಡಿತು. ಕಾನೂನೂ ಇಲ್ಲಿ ಒಂದು ಗೆರೆ ಎಳೆದಿದೆ: 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ರಕ್ಷಣೆ ವೃತ್ತಿಪರ ವ್ಯಾಪಾರಿಯಿಂದ ಕೊಂಡವರಿಗೆ ಉಂಟು, ಖಾಸಗಿ ಸಂಗ್ರಾಹಕನಿಂದ ಕೊಂಡವರಿಗೆ ಇಲ್ಲ.

ಜರ್ಮನಿಯಲ್ಲಿ ಭಾನುವಾರಗಳಂದು ಊರ ಸಭಾಂಗಣಗಳಲ್ಲಿ ನಡೆಯುವ ವಿನಿಮಯ ಸಂತೆಗಳಲ್ಲಿ ಮಾರ್ಕ್ಲಿನ್‌ನದೇ ರಾಜ್ಯಭಾರ. ಆ ಕಂಪನಿ 2009ರಲ್ಲಿ ದಿವಾಳಿಯಾದಾಗಲೂ ಹಳೆಯ ಸರಕಿನ ಸಂತೆ ನಡೆದೇ ಇತ್ತು. 2013ರಲ್ಲಿ ಅದು ಹೊಸ ಮಾಲೀಕರ ಕೈಸೇರಿತು.

ಬದಲಾದ ಪೇಟೆ

1995ರಲ್ಲಿ ಹುಟ್ಟಿದ ಅಂತರ್ಜಾಲದ ಹರಾಜು ತಾಣ ಇಬೇ, ಮೇಳಗಳ ಬೆಲೆಲೋಕವನ್ನು ಬುಡಮೇಲು ಮಾಡಿತು. ಒಂದು ಊರಿನ ಮೇಳದಲ್ಲಿ ಅಪರೂಪವೆನಿಸಿದ್ದು ದೇಶವಿಡೀ ಹುಡುಕಿದರೆ ನೂರಾರು ಸಿಗುವ ಸಾಮಾನ್ಯ ಸರಕೆಂದು ಬಯಲಾಯಿತು. ನಿಜಕ್ಕೂ ಅಪರೂಪವಾದದ್ದರ ಬೆಲೆ ಏರಿತು, ನಡುವಿನದು ಕುಸಿಯಿತು. ಈಗ ಗಿರಾಕಿ ಮೊಬೈಲಿನಲ್ಲಿ ಹಿಂದಿನ ಮಾರಾಟಗಳ ಬೆಲೆ ತೆರೆದಿಟ್ಟುಕೊಂಡೇ ಮಾತಿಗಿಳಿಯುತ್ತಾನೆ. ಬಲ್ಲ ವ್ಯಾಪಾರಿ ಅದಕ್ಕೆ ತಕ್ಕ ಉತ್ತರ ಇಟ್ಟುಕೊಂಡಿರುತ್ತಾನೆ: ಅಲ್ಲಿ ಅಂಚೆ ಖರ್ಚು ಬೇರೆ, ಚಿತ್ರದಲ್ಲಿ ಗೀರು ಕಾಣುವುದಿಲ್ಲ, ಇಲ್ಲಿ ಕೈಯಲ್ಲಿದೆ. ಬೆಲೆಯ ಮಾಹಿತಿ ಬಯಲಾಯಿತು, ಸ್ಥಿತಿಯ ಮಾಹಿತಿ ಇನ್ನೂ ಕೈಗೇ ಅಂಟಿಕೊಂಡಿದೆ. ಮೇಳಗಳು ಉಳಿದಿರುವುದಕ್ಕೆ ಇದು ದೊಡ್ಡ ಕಾರಣವೆಂದು ತೋರುತ್ತದೆ.

ಎಲೆಕ್ಟ್ರಾನಿಕ್ಸ್ ತಂದ ಬದಲಾವಣೆ ಇನ್ನೂ ವಿಚಿತ್ರ. 1950ರ ಎಂಜಿನ್ನಿನಲ್ಲಿ ಕೆಡುವ ಭಾಗಗಳು ಕೆಲವೇ. ಬ್ರಷ್ ಬದಲಿಸಿ, ಗ್ರೀಸ್ ಹಚ್ಚಿ ಓಡಿಸಬಹುದು. ತೊಂಬತ್ತರ ದಶಕದ ನಂತರದ ಎಂಜಿನ್ನುಗಳಲ್ಲಿ ದೂರನಿಯಂತ್ರಣ, ಶಬ್ದ, ಹೊಗೆ ಎಲ್ಲವನ್ನೂ ನಡೆಸುವ ಸರ್ಕಿಟ್ ಬೋರ್ಡ್ ಇರುತ್ತದೆ. ಅದು ಸುಟ್ಟರೆ, ಬದಲಿ ಬೋರ್ಡ್ ಸಿಗದಿದ್ದರೆ, ಸಾವಿರ ಡಾಲರಿನ ಎಂಜಿನ್ ಬರಿಯ ಗೊಂಬೆ. ಲಯನೆಲ್‌ನ ದೊಡ್ಡ ಪೈಪೋಟಿದಾರನಾಗಿದ್ದ ಎಂಟಿಎಚ್ 2021ರಲ್ಲಿ ಹಳೆಯ ರೂಪದಲ್ಲಿ ಬಾಗಿಲು ಹಾಕಿದ ಮೇಲೆ ಈ ಭಯ ಹೆಚ್ಚಿತು. ಹೀಗಾಗಿ ಒಂದೇ ಮೇಜಿನ ಮೇಲೆ ಅಜ್ಜನ ಎಂಜಿನ್ನಿಗಿಂತ ಮೊಮ್ಮಗನ ಎಂಜಿನ್ ವೇಗವಾಗಿ ಬೆಲೆ ಕಳೆದುಕೊಳ್ಳುತ್ತದೆ.

ಹಿತ್ತಾಳೆ ಮಾದರಿಗಳ ಕತೆಯೂ ಇಳಿತದ್ದೇ. ಜಪಾನಿನಲ್ಲಿ, ಆಮೇಲೆ ಕೊರಿಯಾದಲ್ಲಿ, ಕುಶಲಕರ್ಮಿಗಳು ಕೈಯಿಂದ ಬೆಸೆದು ಮಾಡಿದ ಎಂಜಿನ್ನುಗಳನ್ನು ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಆಮದುದಾರರು ಅಮೆರಿಕಕ್ಕೆ ತರಿಸುತ್ತಿದ್ದರು. ಪ್ರತಿಯೊಂದು ಮಾದರಿಯೂ ಕಡಿಮೆ ಸಂಖ್ಯೆಯಲ್ಲಿ ಬರುತ್ತಿದ್ದುದರಿಂದ ಅದನ್ನು ಚಿನ್ನದಂತೆ ಕೂಡಿಟ್ಟವರಿದ್ದರು. ಅದೇ ಎಂಜಿನ್ನನ್ನು ಅಷ್ಟೇ ನವುರಾಗಿ, ಚೆನ್ನಾಗಿ ಓಡುವಂತೆ ಪ್ಲಾಸ್ಟಿಕ್‌ನಲ್ಲಿ ಅಚ್ಚುಹಾಕುವ ಕಂಪನಿಗಳು ಬಂದಾಗ ಹಿತ್ತಾಳೆಯ ಬೆಲೆ ಕುಸಿಯಿತು. ಪ್ಲಾಸ್ಟಿಕ್‌ನವರು ಇನ್ನೂ ಕೈಹಾಕದ ಎಂಜಿನ್ನುಗಳದು ಮಾತ್ರ ನಿಂತಿದೆ.

ಎಲ್ಲಕ್ಕಿಂತ ದೊಡ್ಡ ಒತ್ತಡ ವಯಸ್ಸಿನದು. ಐವತ್ತರ ದಶಕದಲ್ಲಿ ಮರದ ಕೆಳಗೆ ರೈಲು ಕಂಡ ಮಕ್ಕಳು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಸಂಗ್ರಹಗಳು ಒಂದರ ಹಿಂದೊಂದು ಪೇಟೆಗೆ ಬರುತ್ತಿವೆ, ಕೊಳ್ಳುವವರು ಅಷ್ಟಿಲ್ಲ. ‘ನಾನು ಸತ್ತ ಮೇಲೆ ನನ್ನ ಹೆಂಡತಿ ಈ ರೈಲುಗಳನ್ನು, ನಾನು ಅವಳಿಗೆ ಹೇಳಿದ ಬೆಲೆಗೇ ಮಾರಿಬಿಟ್ಟರೆ ಏನು ಗತಿ’ ಎಂಬುದು ಪ್ರತಿ ಮೇಳದಲ್ಲೂ ಕೇಳಿಬರುವ ನಗೆಮಾತು. ಸಂಘಗಳು ಸದಸ್ಯರಿಗೆ ಕೊಡುವ ಸಲಹೆ ಮಾತ್ರ ಗಂಭೀರವಾದದ್ದು: ಪ್ರತಿ ವಸ್ತುವಿನ ನಂಬರು, ಸ್ಥಿತಿ, ಡಬ್ಬ ಇದೆಯೇ ಎಂಬುದು, ಕೊಟ್ಟ ನಿಜವಾದ ಬೆಲೆ ಇವನ್ನು ಪಟ್ಟಿ ಮಾಡಿಡಬೇಕು, ಯಾವ ವ್ಯಾಪಾರಿಯನ್ನು, ಯಾವ ಹರಾಜಿನವರನ್ನು ಕೇಳಬೇಕೆಂದು ಬರೆದಿಡಬೇಕು. ಪಟ್ಟಿ ಇಲ್ಲದ ಮನೆಗೆ ಬರುವ ವ್ಯಾಪಾರಿ ಒಟ್ಟು ಲಾಟಿಗೆ ಒಂದು ಬೆಲೆ ಹೇಳುತ್ತಾನೆ. ಅದರಲ್ಲಿ ಬಿಡಿಸಿ ಮಾರುವ ಶ್ರಮ, ಮೇಜಿನ ಬಾಡಿಗೆ, ಮಾರಾಟವಾಗದೆ ಉಳಿಯುವುದರ ನಷ್ಟ ಎಲ್ಲ ಕಳೆದಿರುವುದರಿಂದ, ಕೈಪಿಡಿಯ ಅಂಕಿಗಳನ್ನು ಕೂಡಿಸಿ ನೋಡಿದ ಮನೆಯವರಿಗೆ ಅದು ಮೋಸದಂತೆ ಕಾಣುತ್ತದೆ. ಹಲವು ಕ್ಲಬ್ಬುಗಳು ಈಗ ದಿವಂಗತ ಸದಸ್ಯರ ಸಂಗ್ರಹವನ್ನು ತಾವೇ ವಿಂಗಡಿಸಿ, ಬೆಲೆಚೀಟಿ ಹಚ್ಚಿ, ಮೇಳಗಳಲ್ಲಿ ಪ್ರತ್ಯೇಕ ಮೇಜು ಹಾಕಿ ಕುಟುಂಬದ ಪರವಾಗಿ ಮಾರಿಕೊಡುತ್ತಿವೆ.